ಕೆಂಚ ಕಾಣದ ಗಳಿಗೆ

ನಾನು ಇಂಥ ಕಥೆಗಳನ್ನು ಕೇಳಿ ನಗುತ್ತಿದ್ದವನು. ಬರೀ ನಗುತ್ತಿರಲಿಲ್ಲ, ಹೇಳಿದವರ ಮುಖ ಸಪ್ಪಗಾಗುವ ತನಕ ಅಡ್ಡಪ್ರಶ್ನೆ ಹಾಕುತ್ತಿದ್ದೆ. ನಮ್ಮ ಖಾಲಾ, ಅಂದರೆ ಅಮ್ಮನ ಅಕ್ಕ, ಕೋಟೆ ಹತ್ತಿರದ ಒಂದು ಹುಣಸೆಮರದಲ್ಲಿ ಜಿನ್ ಇದೆ ಎಂದು ಆಣೆ ಮಾಡಿ ಹೇಳುತ್ತಿದ್ದರು. ‘ಅಷ್ಟು ಶಕ್ತಿ ಇರೋ ಜಿನ್ನಿಗೆ ಬೇರೆ ಮರ ಸಿಗಲಿಲ್ಲವಾ ಖಾಲಾ, ಹುಳಿ ಹುಣಸೇನೇ ಬೇಕಿತ್ತಾ?’ ಎಂದು ಕೇಳಿ ಸೌಟಿನಿಂದ ಏಟು ತಿಂದಿದ್ದೇನೆ. ಈಗ ನಾನೇ ಇಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ಧಾರಾಳವಾಗಿ ನಗಲಿ. ನಿಮ್ಮ ಜಾಗದಲ್ಲಿ ನಾನಿದ್ದರೆ ನಗುತ್ತಿದ್ದೆ.

ನಮ್ಮದು ಚಿತ್ರದುರ್ಗದಲ್ಲಿ ತಲೆಮಾರುಗಳಿಂದ ಪುಸ್ತಕದ ಬೈಂಡಿಂಗ್ ಮಾಡಿಕೊಂಡು ಬಂದ ಮನೆ. ಗೋಂದು, ದಾರ, ರಟ್ಟಿನ ವಾಸನೆಯಲ್ಲೇ ಬೆಳೆದೆ. ಓದಿ, ಒಂದು ಕಾಲೇಜಿನ ಲೈಬ್ರರಿಗೆ ಸೇರಿ, ಅಲ್ಲೇ ನಿವೃತ್ತನಾದೆ. ಕಾಗದವನ್ನು ಕೈಯಲ್ಲಿ ಹಿಡಿದರೆ ಅದರ ವಯಸ್ಸು ಹೇಳಬಲ್ಲೆ. ಕಾಗದಕ್ಕೆ ಗುಂಡುಸೂಜಿ ಚುಚ್ಚುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಕನಸು ಕಾಣುವ ಜಾತಿಯವನಲ್ಲ. ಎದುರಿಗೆ ಏನಿದೆಯೋ ಅದನ್ನು ಇದ್ದ ಹಾಗೆ ಬರೆದಿಡುವುದು ನನ್ನ ಕಸುಬು.

ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದ ಕಾಲದಲ್ಲಿ ಕಾಲೇಜಿನಿಂದ ಕರೆ ಬಂತು. ಒಬ್ಬ ಖಗೋಳಶಾಸ್ತ್ರದ ಪ್ರೊಫೆಸರು ತೀರಿಕೊಂಡಿದ್ದರು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಜೀವಮಾನವೆಲ್ಲ ದುಡಿದು, ಕೊನೆಗೆ ಚಿತ್ರದುರ್ಗಕ್ಕೆ ಬಂದು ಬಾಡಿಗೆ ಮನೆಯಲ್ಲಿ ಒಂಟಿಯಾಗಿದ್ದವರು. ಮದುವೆಯಾಗಿರಲಿಲ್ಲ. ಮನೆ ಮಾಲೀಕರು ಅವರ ಕಾಗದಪತ್ರಗಳನ್ನು ರದ್ದಿಗೆ ಹಾಕಲು ಹೊರಟಿದ್ದರಂತೆ. ಹುಡುಗನಾಗಿದ್ದಾಗ ಅವರು ಓದಿದ್ದು ನಮ್ಮ ಕಾಲೇಜಿನಲ್ಲೇ ಆದ್ದರಿಂದ ಪ್ರಿನ್ಸಿಪಾಲರು ಎಲ್ಲವನ್ನೂ ಗಾಡಿಯಲ್ಲಿ ತರಿಸಿ ಹಳೇ ಲ್ಯಾಬಿನ ಕೋಣೆಗೆ ಸುರಿಸಿದ್ದರು. ‘ಸಾಹೇಬ್ರೇ, ಇದನ್ನ ನೀವೇ ಒಂದು ದಾರಿಗೆ ಹಚ್ಚಬೇಕು’ ಅಂದರು. ನನಗೂ ಮನೆಯಿಂದ ಹೊರಗೆ ಬೀಳುವ ನೆಪ ಬೇಕಿತ್ತು, ಒಪ್ಪಿದೆ.

ಆ ಮೇಷ್ಟ್ರನ್ನು ನಾನು ಜೀವಂತವಾಗಿ ನೋಡಿದವನಲ್ಲ. ಚಂದ್ರವಳ್ಳಿ ಕಡೆ ಸಂಜೆ ಕೊಡೆ ಊರಿಕೊಂಡು ನಡೆದು ಹೋಗುವ ಒಬ್ಬ ಉದ್ದನೆಯ ಮನುಷ್ಯರಿದ್ದರು ಎಂದು ಯಾರೋ ಹೇಳಿದ್ದರು, ಅಷ್ಟೇ. ಆದರೆ ತಗಡಿನ ಟ್ರಂಕುಗಳ ಮಧ್ಯೆ ಒಂದು ವರ್ಷಕ್ಕೂ ಮೇಲೆ ಕಳೆದ ನನಗೆ ಅವರು ಮನೆಯವರ ಹಾಗೇ ಆಗಿಬಿಟ್ಟರು. ಶ್ರೀರಾಂಪುರದ ಆಚೆ ಒಂದು ಕುರಿಗಾರರ ಹಟ್ಟಿಯಲ್ಲಿ ಹುಟ್ಟಿ, ದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಓದಿ, ದೊಡ್ಡ ದೂರದರ್ಶಕದ ಮುಂದೆ ಕೂರುವ ತನಕ ಹೋದ ಮನುಷ್ಯ. ಒಂದನ್ನೊಂದು ಸುತ್ತುತ್ತಾ ಒಂದಕ್ಕೊಂದು ಅಡ್ಡ ಬರುವ ಜೋಡಿ ನಕ್ಷತ್ರಗಳು ಅವರ ವಿಷಯ. ಅದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು, ಹೊರದೇಶದವರೂ ಅನುಮಾನ ಕೇಳಿ ಅವರಿಗೆ ಪತ್ರ ಬರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ಗುಂಡುಸೂಜಿ ಇಲ್ಲ, ಎಲ್ಲ ದಾರದಿಂದ ಕಟ್ಟಿದ ಕಟ್ಟುಗಳು. ಅದೊಂದಕ್ಕೇ ನಾನು ಅವರ ಕಾಲಿಗೆ ಬೀಳಬಹುದಿತ್ತು.

ಒಂದೇ ಒಂದು ವಿಷಯ ನನಗೆ ಅರ್ಥವಾಗಲಿಲ್ಲ. ಕೆಲಸ ಶುರು ಮಾಡುವ ಮುಂಚೆ, ಕಾಣುವ ಕಾಲದಲ್ಲೆಲ್ಲ ಪ್ರತಿ ಸಂಜೆ ಅವರು ಸ್ವಾತಿ ನಕ್ಷತ್ರದ ಬೆಳಕನ್ನು ಅಳೆದಿದ್ದರು. ಸ್ವಾತಿ ಬರಿಗಣ್ಣಿಗೇ ಎದ್ದು ಕಾಣುವ ಕೇಸರಿ ಬಣ್ಣದ ನಕ್ಷತ್ರ. ಅಲ್ಲಿ ನೋಡುವಂಥದ್ದೇನೂ ಇಲ್ಲ, ಅದು ಇದ್ದ ಹಾಗೇ ಇರುತ್ತದೆ ಎನ್ನುತ್ತಾರೆ ತಿಳಿದವರು. ಯಾರಾದರೂ ಕೇಳಿದರೆ ಮೇಷ್ಟ್ರು, ಯಂತ್ರ ಸರಿಯಿದೆಯೋ ಎಂದು ನೋಡುತ್ತೇನೆ ಎಂದು ಉತ್ತರಿಸುತ್ತಿದ್ದರು. ಹಾಗೆ ನೋಡುತ್ತಿದ್ದಾಗಲೇ ಒಂದು ಸಂಜೆ ಅದು ಆಯಿತು.

ಅವರ ಯಂತ್ರದಲ್ಲಿ ಕಾಗದದ ಸುರುಳಿ ತಾನೇ ಸರಿಯುತ್ತಾ ಹೋಗುತ್ತದೆ, ಲೇಖನಿ ಅದರ ಮೇಲೆ ನಕ್ಷತ್ರದ ಬೆಳಕಿಗೆ ತಕ್ಕ ಹಾಗೆ ಗೆರೆ ಎಳೆಯುತ್ತದೆ. ಆ ಸಂಜೆಯ ಸುರುಳಿಯನ್ನು ನಾನು ನೋಡಿದ್ದೇನೆ. ಗೆರೆ ನೆಟ್ಟಗೆ ಬಂದು, ಇದ್ದಕ್ಕಿದ್ದಂತೆ ಪಾತಾಳಕ್ಕೆ ಬಿದ್ದು, ಸ್ವಲ್ಪ ದೂರ ಅಲ್ಲೇ ಹರಿದು, ಮತ್ತೆ ಮೊದಲಿನ ಜಾಗಕ್ಕೆ ಎದ್ದಿದೆ. ಸ್ವಾತಿ ಒಂದಿಷ್ಟು ಹೊತ್ತು ಆರಿಹೋಗಿ ಮತ್ತೆ ಹೊತ್ತಿಕೊಂಡಿತು ಎಂದು ಅವರು ಬರೆದರು. ಬರೆದದ್ದೇ ತಪ್ಪಾಯಿತು. ಮೋಡ ಬಂದಿರಬೇಕು ಅಂದರು ಕೆಲವರು. ಬಾವಲಿ ಅಂದರು ಕೆಲವರು. ಕರೆಂಟು ಹೋಗಿರಬೇಕು ಅಂದವರಿಗೆ, ಕರೆಂಟು ಹೋಗಿದ್ದರೆ ಕಾಗದವೂ ನಿಲ್ಲಬೇಕಿತ್ತಲ್ಲ ಎಂದು ಇವರು ತಾಳ್ಮೆಯಿಂದ ಉತ್ತರ ಬರೆದರು. ಸ್ವಾತಿಯ ದಾರಿಗೆ ಚಂದ್ರನಾಗಲಿ ಗ್ರಹಗಳಾಗಲಿ ಅಡ್ಡ ಬರುವುದೇ ಇಲ್ಲ. ಅಷ್ಟು ದೊಡ್ಡ ನಕ್ಷತ್ರ ಆರಿಹೋದರೆ ಭೂಮಿಯ ಮೇಲೆ ಇನ್ನೊಬ್ಬರಿಗೂ ಕಾಣಬೇಡವೇ ಎಂದು ಎಲ್ಲರ ಪ್ರಶ್ನೆ. ಇನ್ನೊಬ್ಬರು ಯಾರೂ ಸಿಗಲಿಲ್ಲ.

ಆಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ವಿದ್ಯಾರ್ಥಿಗಳು ಬೇರೆಯವರ ಹತ್ತಿರ ಸೇರಿಕೊಂಡರು. ಬೆನ್ನ ಹಿಂದೆ ‘ಸ್ವಾತಿ ಮೇಷ್ಟ್ರು’ ಎಂದು ಅಡ್ಡಹೆಸರು ಬಿತ್ತು. ನನ್ನ ಅಭಿಪ್ರಾಯವನ್ನೂ ಮುಚ್ಚಿಡುವುದಿಲ್ಲ. ಎಷ್ಟು ದೊಡ್ಡ ಬುದ್ಧಿವಂತನಿಗೂ ಒಂದು ಸಂಜೆ ಕೈ ತಪ್ಪಬಹುದು, ಪಾಪ, ಹಟ ಬಿಡಬೇಕಿತ್ತು ಎಂದುಕೊಂಡಿದ್ದೆ.

ಅಷ್ಟರಲ್ಲಿ ಒಂದು ದೊಡ್ಡ ಸಂಸ್ಥೆಯವರು ಆ ಕಾಗದಗಳನ್ನು ತೆಗೆದುಕೊಂಡು ಜೋಪಾನವಾಗಿ ಇಡಲು ಒಪ್ಪಿದರು. ವಾರಸುದಾರರ ಒಪ್ಪಿಗೆ ಬೇಕು ಅಂದರು. ಮೇಷ್ಟ್ರಿಗೆ ಉಳಿದಿದ್ದವರು ಹಟ್ಟಿಯಲ್ಲಿದ್ದ ಅಕ್ಕ ಒಬ್ಬರೇ. ಇತ್ತ ಕಾಲೇಜಿಗೆ ಆ ಕೋಣೆ ಬೇಕಾಗಿತ್ತು. ಒಪ್ಪಿಗೆ ಸಿಗದಿದ್ದರೆ ಟ್ರಂಕುಗಳು ಮತ್ತೆ ರದ್ದಿಯ ದಾರಿಯನ್ನೇ ಹಿಡಿಯುವುದು ಖಂಡಿತ. ಬೇಸಿಗೆಯ ಒಂದು ಮಧ್ಯಾಹ್ನ ಹೊಳಲ್ಕೆರೆ, ಹೊಸದುರ್ಗದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಶ್ರೀರಾಂಪುರಕ್ಕೆ ಹೋದೆ. ಅಲ್ಲಿಂದ ಆಟೋ. ಆಟೋದವನು ಅರ್ಧ ದಾರಿಗೆ ಬಂದು, ‘ಮುಂದೆ ರೋಡು ಸರಿಯಿಲ್ಲ, ಇಲ್ಲೇ ಇಳ್ಕಳ್ರಿ ಸಾಬ್ರೇ’ ಎಂದು ಇಳಿಸಿಬಿಟ್ಟ. ಅವನನ್ನು ಬೈದುಕೊಳ್ಳುತ್ತಾ ಉಳಿದದ್ದನ್ನು ನಡೆದೆ.

ಅಕ್ಕನ ಹೆಸರು ಸಿದ್ದಮ್ಮ. ಎಂಬತ್ತು ದಾಟಿದ ಜೀವ. ಮನೆ ಮುಂದಿನ ಕಲ್ಲುಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ಕಣ್ಣು ಪೂರ್ತಿ ಹೋಗಿದ್ದವು. ನರ ಸತ್ತುಹೋಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಹೊಸದುರ್ಗದ ಡಾಕ್ಟರು ಹೇಳಿದ್ದರಂತೆ. ಹಗಲು ರಾತ್ರಿಯ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ ಎಂದು ಸೊಸೆ ಹೇಳಿದಳು. ಅತ್ತೆ ಸೊಸೆ ಇಬ್ಬರೇ ಮನೆಯಲ್ಲಿದ್ದದ್ದು, ಮಗ ಕುರಿ ಹೊಡೆದುಕೊಂಡು ನಾಲೆ ಸೀಮೆಗೆ ಹೋಗಿದ್ದ. ಟೀ ಬಂತು. ನಾನು ಬಂದ ಕೆಲಸ ಹೇಳಿ, ಹೆಬ್ಬೆಟ್ಟು ಒತ್ತುವ ಕಾಗದ ತೆಗೆದೆ. ಸಿದ್ದಮ್ಮ ಕೈ ಅಡ್ಡ ಮಾಡಿದರು.

‘ಸಾಬ್ರೇ, ನಮ್ಮ ತಮ್ಮಯ್ಯ ಬರ್ದಿದ್ದೆಲ್ಲಾ ನೀವು ಓದೀರಂತೆ, ಹೌದಾ?’

‘ಓದಿದೀನಮ್ಮ. ನನಗೆ ತಿಳಿದಷ್ಟು.’

‘ಹಂಗಾರೆ ಒಂದು ಮಾತು ಕೇಳ್ತೀನಿ, ದೇವ್ರು ಮೆಚ್ಚಂಗೆ ಹೇಳ್ರಿ. ಅವನಿಗೆ ತಲೆ ಕೆಟ್ಟಿತ್ತಾ?’

ಮೇಷ್ಟ್ರನ್ನು ಮಣ್ಣು ಮಾಡುವ ದಿನ ವಿಶ್ವವಿದ್ಯಾಲಯದ ಕಡೆಯಿಂದ ಬಂದ ಯಾರೋ ಒಬ್ಬರು, ಬಹಳ ದೊಡ್ಡ ಬುದ್ಧಿ ಇತ್ತು, ನಡುವೆ ಕೆಟ್ಟುಹೋಯಿತು ಎಂದು ಪಕ್ಕದವರಿಗೆ ಹೇಳಿದ್ದರಂತೆ. ಕಣ್ಣು ಹೋದವರ ಕಿವಿಗೆ ಅದು ಬಿದ್ದಿತ್ತು. ಅವತ್ತಿನಿಂದ ಅದೊಂದೇ ಮಾತು ಅವರ ಎದೆಯಲ್ಲಿ ಕೂತುಬಿಟ್ಟಿತ್ತು.

‘ಅವನ ಕಾಗ್ದನ ದೊಡ್ಡೋರು ಇಟ್ಕಂತಾರೆ ಅಂದ್ರೆ ನಂಗೆ ಸಂತೋಷನೇ. ಆದ್ರೆ ಹುಚ್ಚನ ಕಾಗ್ದ ಅಂತ ನಾಳೆ ಬಂದೋರೆಲ್ಲಾ ತೆಗ್ದು ನೋಡಿ ನಗೋದಾದ್ರೆ ಬ್ಯಾಡ ನೋಡ್ರಿ. ಸುಟ್ಟಾಕಿಬಿಡ್ರಿ. ನಾನು ಹೆಬ್ಬೆಟ್ಟು ಒತ್ತಾಕಿಲ್ಲ’ ಅಂದರು.

ಇಲ್ಲಮ್ಮ, ತಲೆ ಸರಿಯಾಗಿಯೇ ಇತ್ತು ಎಂದು ಒಂದು ಮಾತು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ದೇವರು ಮೆಚ್ಚುವಂತೆ ಎಂದು ಕೇಳಿದವರಿಗೆ, ನಾನೇ ನಂಬದ ಮಾತನ್ನು ಹೇಗೆ ಹೇಳಲಿ? ತೆಗೆದ ಕಾಗದವನ್ನು ಮತ್ತೆ ಮಡಿಸಿದೆ. ಆ ಸದ್ದಿನಲ್ಲೇ ಅವರಿಗೆ ಉತ್ತರ ಸಿಕ್ಕಿತು. ಮುಖ ಆಚೆ ತಿರುಗಿಸಿಕೊಂಡರು. ಆ ಮುಖ ನೋಡಲಾರದೆ ನಾನೇ ಮಾತು ತೆಗೆದು, ನಿಮ್ಮ ತಮ್ಮ ಸ್ವಾತಿ ಅನ್ನೋ ಒಂದು ನಕ್ಷತ್ರವನ್ನು ದಿನಾ ನೋಡುತ್ತಿದ್ದರಮ್ಮ, ಅಲ್ಲಿಂದಲೇ ಇದೆಲ್ಲ ಶುರುವಾಗಿದ್ದು ಎಂದೆ.

‘ಯಾವುದು, ಕೆಂಚನಾ?’ ಅಂದರು ಸಿದ್ದಮ್ಮ.

ಕೆಂಚ ಅವರ ಮನೆಯ ಟಗರಿನ ಹೆಸರಂತೆ. ಕೆಂಪು ಮೈಯ ಟಗರು. ಅದರ ಬಣ್ಣದ್ದೇ ಚುಕ್ಕಿ ಎಂದು ಅಕ್ಕ ತಮ್ಮ ಸೇರಿ ಆ ನಕ್ಷತ್ರಕ್ಕೂ ಅದೇ ಹೆಸರಿಟ್ಟಿದ್ದರು. ಆ ಕಾಲದಲ್ಲಿ ಬೇಸಿಗೆ ಬಂದರೆ ಸಿದ್ದಮ್ಮ ಅಪ್ಪನ ಜೊತೆ ಮಂದೆ ಹೊಡೆದುಕೊಂಡು ಗದ್ದೆ ಸೀಮೆಗೆ ಹೋಗಬೇಕು, ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಬೇಕು. ತಮ್ಮ ಪರೀಕ್ಷೆ ಬರೆಯಲು ದುರ್ಗದ ಹಾಸ್ಟೆಲಿನಲ್ಲಿ. ತಾಯಿ ಇಲ್ಲದ ಹುಡುಗ, ಅಕ್ಕನ ಸೆರಗು ಬಿಟ್ಟು ಹೋಗಲಾರದೆ ಅಳುತ್ತಿದ್ದನಂತೆ. ‘ಅವಾಗ ನಾನೇ ಹೇಳ್ದೆ. ದೀಪ ಹಚ್ಚೋ ಹೊತ್ತಿಗೆ ನಾನು ಕೆಂಚನ ನೋಡ್ತಿರ್ತೀನಿ, ನೀನೂ ನೋಡು. ಅಲ್ಲಿಗೆ ಇಬ್ರೂ ಒಂದೇ ಕಟ್ಟೆ ಮ್ಯಾಲೆ ಕುಂತಂಗೆ ಆತು ಬಿಡು ಅಂತ.’

ಅಷ್ಟು ಟ್ರಂಕುಗಳ ಒಂದೊಂದು ಹಾಳೆಯನ್ನೂ ತಿರುವಿದ್ದೇನೆ. ಕೆಂಚ ಎಂಬ ಹೆಸರು ಎಲ್ಲೂ ಇಲ್ಲ. ಅಕ್ಕ ಎಂಬ ಶಬ್ದವೇ ಇಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆರೆದುಕೊಂಡು, ಈ ಮನುಷ್ಯ ಸುಮ್ಮನೆ ಆ ನಕ್ಷತ್ರದ ಹಿಂದೆ ಯಾಕೆ ಬಿದ್ದ ಎಂದು ಕೇಳಿದ್ದರಲ್ಲ, ಮೇಷ್ಟ್ರು ದಿನಾ ಸಂಜೆ ಅಕ್ಕನ ಪಕ್ಕ ಬಂದು ಕೂರುತ್ತಿದ್ದರು, ಅಷ್ಟೇ.

ನಕ್ಷತ್ರ ಆರಿಹೋದ ಆ ಸಂಜೆಯ ವಿಷಯವೂ ಸಿದ್ದಮ್ಮನಿಗೆ ಗೊತ್ತಿತ್ತು. ಅದಾದ ಮೇಲೆ ಮೇಷ್ಟ್ರು ಹುಡುಕಿಕೊಂಡು ಮಂದೆ ಇದ್ದಲ್ಲಿಗೇ ಬಂದಿದ್ದರಂತೆ. ‘ಅಕ್ಕಾ, ಬಸವ ಜಯಂತಿ ಹಿಂದಿನ ಸಂಜೆ ಕೆಂಚನ ನೋಡಿದ್ದೇನೇ?’ ಎಂದು ಕೇಳಿದರಂತೆ. ಅವತ್ತು ಒಂದು ಕುರಿ ಈಯುತ್ತಿತ್ತು. ಮರಿ ಅಡ್ಡ ಸಿಕ್ಕಿಕೊಂಡಿತ್ತು. ಸಿದ್ದಮ್ಮ ಕತ್ತಲಾಗುವ ತನಕ ಅದರ ಹತ್ತಿರವೇ ಕೂತಿದ್ದರು, ತಲೆ ಎತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಮ್ಮ ತಲೆ ಬಗ್ಗಿಸಿಕೊಂಡು ಹೋದನಂತೆ.

‘ಅದೊಂದು ದಿನ ತೆಪ್ಪಿತು ನೋಡ್ರಿ. ಅದೊಂದೇ ದಿನ’ ಎಂದು ಎದೆ ಗುದ್ದಿಕೊಂಡರು. ‘ನಾನು ನೋಡಿದ್ರೆ ಯಾವ ಊರಿಗೆ ಕರೆದ್ರೂ ಹೋಗಿ ಹೇಳ್ತಿದ್ದೆ, ನನ್ನ ತಮ್ಮ ಹೇಳಿದ್ದು ದಿಟ ಐತೆ ಅಂತ. ಒಬ್ಬನ್ನೇ ಮಾಡಿಬಿಟ್ಟೆ ಅವನ್ನ.’ ಆಮೇಲೆ ಒಂದು ಸಂಜೆಯನ್ನೂ ಅವರು ತಪ್ಪಿಸಿರಲಿಲ್ಲ. ಕಣ್ಣು ಹೋದ ಮೇಲೂ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಮೂಡಲಿಗೆ ಮುಖ ಮಾಡಿ ಕೂರುವುದು, ಹತ್ತಿರ ಯಾರಿದ್ದರೂ ಐತಾ ಎಂದು ಕೇಳುವುದು. ಸೊಸೆಗೆ ಇದು ರೂಢಿಯಾಗಿತ್ತು. ನೋಡದೆಯೇ ‘ಐತತ್ತೆ’ ಎಂದುಬಿಡುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು.

ಮಾತಿನಲ್ಲಿ ಹೊತ್ತು ಮುಳುಗಿತು. ಕೊನೆಯ ಬಸ್ಸು ತಪ್ಪಿತು ಎಂದು ನನಗೆ ಆಗಲೇ ಗೊತ್ತಿತ್ತು. ಕರೆಂಟು ಹೋಗಿತ್ತು, ಬೇಸಿಗೆಯಲ್ಲಿ ಅದೇನು ಹೊಸದಲ್ಲ. ಸೊಸೆ ಮೇಕೆ ಹಾಲು ಕರೆಯಲು ಮನೆಯ ಹಿಂದಿನ ರೊಪ್ಪಕ್ಕೆ, ಅಂದರೆ ಕುರಿದೊಡ್ಡಿಗೆ, ಹೋದಳು. ಕಟ್ಟೆಯ ಮೇಲೆ ನಾವಿಬ್ಬರೇ. ನಮ್ಮ ಬೆನ್ನ ಹಿಂದೆ, ಪಡುವಣ ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳ ಕೆಂಪು ದೀಪಗಳು ಮಿನುಗುತ್ತಿದ್ದವು. ಮುಂದೆ ಬಯಲು, ಅದರ ಮೇಲೆ ತೊಳೆದಿಟ್ಟ ಹಾಗೆ ಆಕಾಶ. ಮೋಡದ ಒಂದು ಎಳೆಯೂ ಇರಲಿಲ್ಲ.

‘ಐತೇನ್ರಿ?’ ಅಂದರು ಸಿದ್ದಮ್ಮ.

‘ಇನ್ನೂ ಬೆಳಕಿದೆಯಮ್ಮ, ತಡೀರಿ.’

ಸ್ವಲ್ಪ ಹೊತ್ತಿಗೆ ಕಂಡಿತು. ಎಡಕ್ಕೆ ಮೇಲೆ ಸಪ್ತರ್ಷಿ ಮಂಡಲ, ಬಲಕ್ಕೆ ಬಿಳಿಯ ಚಿತ್ರಾ, ನಡುವೆ ಬಯಲಿನ ಮೇಲೆ ತುಸು ಎತ್ತರದಲ್ಲಿ ಕೇಸರಿ ಬಣ್ಣದ ಸ್ವಾತಿ. ವರ್ಷವಿಡೀ ಅದರ ಹೆಸರನ್ನು ಕಾಗದದಲ್ಲಿ ಓದಿದ್ದೆನೇ ಹೊರತು ಹೀಗೆ ಕೂತು ನೋಡಿರಲಿಲ್ಲ. ಐತಮ್ಮ ಎಂದೆ, ನನಗರಿವಿಲ್ಲದೆ ಅವರ ಮಾತೇ ನನ್ನ ಬಾಯಿಗೆ ಬಂದಿತ್ತು. ಅವರು ಕೈ ಮುಗಿದು ಸುಮ್ಮನೆ ಕೂತರು. ನಾನೂ ನೋಡುತ್ತಾ ಕೂತೆ. ಈ ಮುದುಕಿಗೆ ಏನು ಉತ್ತರ ಹೇಳುವುದು ಎಂಬ ಸಂಕಟ ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ರೊಪ್ಪದಲ್ಲಿ ಮೇಕೆ ಕೂಗುತ್ತಿತ್ತು. ದೂರದಲ್ಲಿ ಯಾರದೋ ಬೈಕು ಏರು ಹತ್ತುತ್ತಿತ್ತು.

‘ಈಗ ಇಲ್ಲ’ ಎಂದು ಮೆಲ್ಲನೆಯ ಮಾತು ಕೇಳಿಸಿತು.

ನಕ್ಷತ್ರ ಇರಲಿಲ್ಲ.

ಮಸುಕಾದದ್ದಲ್ಲ, ಮಿನುಗಿದ್ದಲ್ಲ. ಇರಲಿಲ್ಲ. ಸಪ್ತರ್ಷಿ ಇತ್ತು, ಚಿತ್ರಾ ಇತ್ತು, ಅವೆರಡರ ಮಧ್ಯದ ಜಾಗ ಬರಿದು. ನಾನು ಕಣ್ಣುಜ್ಜಿಕೊಂಡೆ. ತಲೆ ಆಚೆ ಈಚೆ ಮಾಡಿದೆ, ಎದುರಿಗೆ ಮರ ಗಿಡ ತಂತಿ ಏನಾದರೂ ಇದೆಯೋ ಎಂದು. ಏನೂ ಇಲ್ಲ, ಬಯಲು. ಮೇಕೆ ಕೂಗುತ್ತಲೇ ಇತ್ತು, ಬೈಕಿನ ಸದ್ದು ಬರುತ್ತಲೇ ಇತ್ತು, ಲೋಕವೇನೂ ನಿಲ್ಲಲಿಲ್ಲ. ನನಗಾದದ್ದನ್ನು ಹೆದರಿಕೆ ಎನ್ನಲಾರೆ. ದೊಡ್ಡವರು ಯಾರೋ ಮನೆಗೆ ಬಂದಾಗ ಎದ್ದು ನಿಲ್ಲಬೇಕು ಅನ್ನಿಸುತ್ತದಲ್ಲ, ಅಂಥದ್ದು. ಯಾ ಅಲ್ಲಾ ಅಂದುಕೊಂಡೆ. ಕೈಯಲ್ಲಿ ಗಡಿಯಾರವಿತ್ತು. ಎಷ್ಟು ಹೊತ್ತು ಎಂದು ನೋಡಿಕೊಳ್ಳಬೇಕು ಎಂಬುದು ತಲೆಗೇ ಬರಲಿಲ್ಲ. ಆಮೇಲೆ ಮುಚ್ಚಳ ತೆಗೆದ ಹಾಗೆ, ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ ಅದು ಬಂತು.

‘ಸಾಬ್ರೇ, ಬಂತೇನ್ರಿ?’ ಅಂದರು ಸಿದ್ದಮ್ಮ.

‘ಬಂತಮ್ಮ.’

‘ಹೋಗಿತ್ತಾ? ಪೂರಾ?’

‘ಪೂರಾ ಹೋಗಿತ್ತು. ನಾನು ಕಣ್ಣಾರೆ ನೋಡಿದೆ.’ ಅವರು ಕೇಳದೆಯೇ ಹೇಳಿದೆ, ‘ಅಮ್ಮಾ, ನಿಮ್ಮ ತಮ್ಮನ ತಲೆ ನೆಟ್ಟಗಿತ್ತು. ದೇವರು ಮೆಚ್ಚುವ ಹಾಗೆ ಹೇಳ್ತಾ ಇದೀನಿ.’

ಸಿದ್ದಮ್ಮ ತಡಕಾಡಿ ನನ್ನ ಕೈ ಹಿಡಿದುಕೊಂಡರು. ಅವರ ಕಾಣದ ಕಣ್ಣುಗಳಿಂದ ನೀರು ಬಳಬಳ ಇಳಿಯುತ್ತಿತ್ತು. ‘ನೋಡಿದೋರು ಇಬ್ರಾದ್ರಿ ಹಂಗಾರೆ, ಇಬ್ರಾದ್ರಿ’ ಎಂದು ಎಷ್ಟೋ ಸಲ ಅಂದರು. ಆಮೇಲೆ ಸೊಸೆಯನ್ನು ಕೂಗಿ ಲಾಟೀನು ತರಿಸಿ, ಹೆಬ್ಬೆಟ್ಟು ಒತ್ತಿದರು. ಇಂಕು ಹೆಚ್ಚಾಗಿ ಗುರುತು ಹರಡಿಕೊಂಡಿತು. ಬೇರೆ ದಿನವಾಗಿದ್ದರೆ ಆ ಹಾಳೆ ಕೆಟ್ಟಿತು ಎಂದು ಗೊಣಗುತ್ತಿದ್ದೆ.

ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ಎದ್ದವನೇ ಕಟ್ಟೆಯ ಮೇಲೆ ನಿಂತು ಸುತ್ತಲೂ ನೋಡಿದೆ. ನನ್ನ ಹಳೇ ಬುದ್ಧಿ ಎಲ್ಲಿ ಹೋಗುತ್ತದೆ? ಗಾಳಿ ಫ್ಯಾನಿನ ರೆಕ್ಕೆ ಅಡ್ಡ ಬಂದಿರಬಹುದೇ ಎಂದು ಲೆಕ್ಕ ಹಾಕಿದೆ. ಫ್ಯಾನುಗಳೆಲ್ಲ ಬೆನ್ನ ಹಿಂದಿನ ಗುಡ್ಡದ ಮೇಲೆ. ಮೂಡಲಿಗೆ ಒಂದು ಬೇಲಿಯ ಗೂಟವೂ ಇಲ್ಲ. ಊರಿಗೆ ಬಂದು ಕಣ್ಣು ತೋರಿಸಿದೆ. ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವ ಕಣ್ಣು ಅಪರೂಪ ಅಂದರು ಡಾಕ್ಟರು. ಹೆಂಡತಿ ಮಾತ್ರ, ‘ಕಣ್ಣಲ್ಲ, ತಲೆ ತೋರಿಸಿ’ ಅಂದಳು.

ಆ ಸಂಸ್ಥೆಯಿಂದ ಕಾಗದಗಳನ್ನು ಒಯ್ಯಲು ಬಂದ ಹೆಣ್ಣುಮಗಳು ಸ್ವತಃ ಖಗೋಳಶಾಸ್ತ್ರ ಓದಿದವಳು. ಅವಳಿಗೆ ಎಲ್ಲ ಹೇಳಿದೆ. ನಗಲಿಲ್ಲ, ಒಳ್ಳೆಯ ಹುಡುಗಿ. ಆ ಸಂಜೆ ಲೋಕದಲ್ಲಿ ಯಾರೂ ಅಂಥದ್ದನ್ನು ಕಂಡ ವರದಿಯಿಲ್ಲ ಎಂದು ವಿಚಾರಿಸಿ ತಿಳಿಸಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: ‘ಸರ್, ಅಜ್ಜಿ “ಈಗ ಇಲ್ಲ” ಅಂದದ್ದು ಮೊದಲೋ, ನಕ್ಷತ್ರ ಹೋದದ್ದು ಮೊದಲೋ? ಅವರ ಮಾತು ಮೊದಲಾಗಿದ್ದರೆ, ಆ ಮಾತೇ ನಿಮ್ಮ ಕಣ್ಣು ಕಟ್ಟಿರಬಹುದು.’

ಸರಿಯಾದ ಪ್ರಶ್ನೆ. ನಾನೇ ಕೇಳಬೇಕಿದ್ದ ಪ್ರಶ್ನೆ. ಎಷ್ಟು ನೆನಪು ಮಾಡಿಕೊಂಡರೂ ಯಾವುದು ಮೊದಲು ಎಂದು ಹೇಳಲಾಗಲಿಲ್ಲ. ಅದಿರಲಿ, ಕಣ್ಣಿಲ್ಲದವರಿಗೆ ಅದು ಹೋದದ್ದು ತಿಳಿದದ್ದಾದರೂ ಹೇಗೆ? ಮಳೆ ಹಿಡಿಯುವ ಮುಂಚೆ ತಡೆಯಲಾರದೆ ಮತ್ತೆ ಹಟ್ಟಿಗೆ ಹೋದೆ. ಸಿದ್ದಮ್ಮ ಅದೇ ಕಟ್ಟೆಯ ಮೇಲಿದ್ದರು, ಬಡವಾಗಿದ್ದರೂ ಮುಖ ತಿಳಿಯಾಗಿತ್ತು. ‘ಅಮ್ಮಾ, ಅವತ್ತು “ಈಗ ಇಲ್ಲ” ಅಂದ್ರಲ್ಲ, ನಿಮಗೆ ಹೇಗೆ ಗೊತ್ತಾಯಿತು?’ ಎಂದೆ.

‘ಅಯ್ಯೋ, ನಾನೆಲ್ಲಿ ಅಂದೆ?’ ಅಂದರು. ‘ನಂಗೇನು ಕಾಣ್ತೈತೆ ಅಂತ ಅನ್ಲಿ? ಅಂದೋರು ನೀವು. ನೀವು ಅಂದಿದ್ದಕ್ಕೇ ನಂಗೆ ಗೊತ್ತಾಗಿದ್ದು.’

ನಾನು ಬಾಯಿ ಬಿಟ್ಟಿರಲಿಲ್ಲ. ಇದನ್ನು ಯಾವ ಗ್ರಂಥದ ಮೇಲೆ ಕೈಯಿಟ್ಟು ಬೇಕಾದರೂ ಹೇಳುತ್ತೇನೆ. ಸೊಸೆಯನ್ನು ಕೇಳಿದೆ. ನಾನು ಹಿಂದೆ ಹಾಲು ಕರೀತಿದ್ದೆ, ನೀವಿಬ್ರೂ ಮಾತಾಡಿದ್ದು ಕೇಳಿಸ್ಲಿಲ್ಲ ಅಂದಳು. ಆ ದನಿ ಗಂಡಸಿನದೋ ಹೆಂಗಸಿನದೋ ಹೇಳಲಾರೆ. ತಗ್ಗಿದ ದನಿ, ನನ್ನ ಪಕ್ಕದಿಂದಲೇ ಬಂತು, ಅಷ್ಟೇ ಗೊತ್ತು. ಸಿದ್ದಮ್ಮ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅವರು ಸುಳ್ಳು ಹೇಳುವವರಲ್ಲ, ನಾನೂ ಹೇಳುತ್ತಿಲ್ಲ. ಆ ಮಾತು ಯಾರದು, ಆ ನಕ್ಷತ್ರ ಎಲ್ಲಿಗೆ ಹೋಗಿತ್ತು, ನನಗೆ ಇವತ್ತಿಗೂ ತಿಳಿದಿಲ್ಲ.

ಸಿದ್ದಮ್ಮನಿಗೆ ಮಾತ್ರ ಅಂಥ ಗೊಂದಲವಿರಲಿಲ್ಲ. ಆ ಎರಡನೇ ಸಲ, ನಾನು ಹೇಳಲಿಲ್ಲಮ್ಮ, ಆಣೆಗೂ ಹೇಳಲಿಲ್ಲ ಎಂದಾಗ ಕಂಬಳಿಯ ಮೇಲೆ ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಸವರುತ್ತಾ, ‘ಬಂದೋನು ಒಂದು ಲೋಟ ನೀರೂ ಕುಡೀದೆ ಹೋದ್ನಲ್ರಿ ತಮ್ಮಯ್ಯ’ ಅಂದರು.